ಅಜ್ಜನ ಗುಮಾನಿಯೂ ಹರಿಹರದ ಟೀವಿಯೂ

ನಮ್ಮ ಮನೆಗೆ ಯಾವುದೇ ಹೊಸ ಸಾಮಾನು ಬರಲಿ, ಪೂಜೆ ಆಮೇಲೆ, ವಿಚಾರಣೆ ಮೊದಲು. ಮೊನ್ನೆ ನಾನು ತಂದ ಎಲ್‌ಇಡಿ ಬಲ್ಬನ್ನ ಅಜ್ಜ ಮುಟ್ಟಿ ನೋಡಿ, "ಇಷ್ಟು ಬೆಳಕು ಕೊಡ್ತೈತೆ, ಬಿಸಿನೇ ಇಲ್ಲ. ಎಲ್ಲೋ ಮೋಸ ಐತೆ" ಅಂದ್ರು. ನಾನು ಎಸ್ಸೆಲ್ಸಿ ಪರೀಕ್ಷೆಗೆ ಎರಡು ಸಲ ಹೋಗಿ, ಎರಡು ಸಲವೂ ಬರಿಗೈಲಿ ವಾಪಸ್ ಬಂದವನು. ಆದ್ರೆ ಅಜ್ಜನ ಗುಮಾನಿ ಅನ್ನೋ ಸಬ್ಜೆಕ್ಟಿನಲ್ಲಿ ನನಗೆ ಯಾರೂ ಪಾಠ ಹೇಳೋದು ಬ್ಯಾಡ. ಆವರಗೆರೆಯ ನಮ್ಮ ಮನೆಗೆ ಮೊದಲ ಟೀವಿ ಬಂದಾಗ ನಾನು ಎರಡನೇ ಕ್ಲಾಸು. ಊರಿಗೆಲ್ಲ ಟೀವಿ ಬಂದು ಹಳತಾಗಿತ್ತು. ನಮಗೆ ತಡ ಆಗಿದ್ದಕ್ಕೆ ಕಾರಣ ಕೇಳಿದ್ರೆ ಅಪ್ಪ ಕಣ್ಣಲ್ಲೇ ಅಜ್ಜನ್ನ ತೋರಿಸ್ತಿದ್ದ.

೧. ಡುಬ್ಬ

ಹರಿಹರದ ನಮ್ಮ ಸೋದರತ್ತೆ ತೆಳ್ಳನೆ ಟೀವಿ ತಗೊಂಡಳು. ಹಳೇ ದಪ್ಪನೆಯದನ್ನ ಗೂಡ್ಸ್ ಆಟೋದಲ್ಲಿ ತವರಿಗೆ ಕಳಿಸಿದಳು. ಅವಳು ಹುಟ್ಟಿದಾಗಿನಿಂದ ಈ ಮನೆಗೆ ಕೊಟ್ಟಿದ್ದು ಇದೇ ಮೊದಲು ಅಂತ ಅಜ್ಜನಿಗೆ ಆಗಲೇ ಅನುಮಾನ. ಟೀವಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹಿಂದ್ಗಡೆ ನಿಂತ್ರು. ಮುಂದೆ ಇಷ್ಟೇ ಇಷ್ಟು ಗಾಜು, ಹಿಂದೆ ಇಷ್ಟು ದೊಡ್ಡ ಡುಬ್ಬ, ಇದರಾಗೆ ಏನಿಟ್ಟಾರೆ ಅಂತ ಕೇಳಿದ್ರು. ಪಿಚ್ಚರ್ ಟ್ಯೂಬ್ ಅಂದ ಅಪ್ಪ. ಬಿಚ್ಚಿ ತೋರ್ಸು ಅಂದ್ರು. ಬಿಚ್ಚಬಾರ್ದು, ಕೈಯಿಟ್ರೆ ಶಾಕ್ ಹೊಡೀತೈತೆ ಅಂದ ಅಪ್ಪ.

ಅಜ್ಜ ಅಜ್ಜಿ ಕಡೆ ತಿರುಗಿದ್ರು. "ಕೇಳಿದ್ಯಾ? ಕೈಯಿಟ್ರೆ ಹೊಡೀತೈತಂತೆ. ಮಗಳು ಪ್ರೀತಿಯಿಂದ ಕಳ್ಸ್ಯಾಳೆ."

೨. ತಟ್ಟೆ ಎತ್ತ ನೋಡ್ತೈತೆ

ಕೆ.ಬಿ. ಬಡಾವಣೆಯಿಂದ ಡಿಶ್ ಹಾಕೋನು ಬಂದ. ಮಾಳಿಗೆ ಹತ್ತಿ ತಟ್ಟೆಯನ್ನ ಆ ಕಡೆ ಈ ಕಡೆ ತಿರುಗಿಸಿ, ಕೊನೆಗೆ ಪಕ್ಕದ ಮನೆ ಕಡೆ ಮುಖ ಮಾಡೋ ಹಾಗೆ ಬಿಗಿದ. ಪಕ್ಕದ ಮನೆ ಅಂದ್ರೆ ಸಣ್ಣಜ್ಜನದು, ಅಜ್ಜನ ಒಡಹುಟ್ಟಿದ ತಮ್ಮ. ಪಾಲಾದಾಗ ನಡುವೆ ಗೋಡೆ ಎದ್ದಿತ್ತು, ಅವತ್ತಿಂದ ಅಣ್ಣ ತಮ್ಮಂದಿರ ಮಾತು ನಿಂತಿತ್ತು.

ಅಜ್ಜ ಕೆಳಗಿಂದಲೇ ತಟ್ಟೆ ಅವನ ಮನೆ ಕಡೆ ಯಾಕೆ ಮಾಡ್ದೆ ಅಂದ್ರು. ಸ್ಯಾಟಲೈಟ್ ಇರೋದೇ ಆ ದಿಕ್ಕಿಗೆ ಯಜಮಾನ್ರೇ ಅಂದ ಹುಡುಗ.

"ಇಷ್ಟು ದೊಡ್ಡ ಆಕಾಶ ಐತೆ, ಅವನ ಮನೆ ಮ್ಯಾಲೇ ಬಂದು ನಿಂತೈತಾ ಅದು? ಅವನು ಅದಕ್ಕೆ ಏನು ತಿನ್ನಿಸ್ತಾನೆ, ವಿಚಾರಿಸು."

೩. ಸಿಂಹ ರಾಶಿ

ಅಜ್ಜ ಜೀವಮಾನವೆಲ್ಲ ಅಕ್ಕಿ ಗಿರಣಿ ಸದ್ದಿನಲ್ಲಿ ಕಳೆದವರು. ಕಿವಿ ಗಿರಣಿಯಲ್ಲೇ ಬಿಟ್ಟು ಬಂದಿದ್ರು, ಗಂಟಲನ್ನ ಮನೆಗೆ ತಂದಿದ್ರು. ಅವರು ಪಿಸುಗುಟ್ಟಿದ್ರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತೋರು ತಿರುಗಿ ನೋಡೋರು. ಇದನ್ನ ಅವರ ಎದುರಿಗೆ ಹೇಳೋ ಧೈರ್ಯ ಮನೇಲಿ ಯಾರಿಗೂ ಇರಲಿಲ್ಲ. ಒಮ್ಮೆ ಅಜ್ಜಿ ಮೆಲ್ಲಗೆ ಮಾತಾಡ್ರಿ ಅಂದಿದ್ದಕ್ಕೆ, ಮೆಲ್ಲಗೇ ಮಾತಾಡ್ತಿದ್ದೀನಲ್ಲ ಅಂದ್ರು. ತೆಂಗಿನಮರದ ಕಾಗೆಗಳು ಎದ್ದು ಹೋದವು.

ಹಾಗಾಗಿ ಟೀವಿಯ ಸೌಂಡು ಯಾವಾಗಲೂ ಪೂರ್ತಿ. ಸಣ್ಣಜ್ಜನ ಮನೇಲಿ ಟೀವಿ ಇರಲಿಲ್ಲ, ಬೇಕೂ ಇರಲಿಲ್ಲ. ಅವರ ಕಟ್ಟೆ ಮೇಲೆ ಕೂತ್ರೆ ನಮ್ಮ ಟೀವಿ ಅವರಿಗೆ ರೇಡಿಯೋ ಆಗ್ತಿತ್ತು.

ಒಂದು ದಿನ ಬೆಳಿಗ್ಗೆ ಟೀವಿ ಜ್ಯೋತಿಷಿ, ಸಿಂಹ ರಾಶಿಯವರು ಇವತ್ತು ಶತ್ರುವಿನ ಮೇಲೆ ಜಯ ಸಾಧಿಸ್ತಾರೆ ಅಂದ. ಅಜ್ಜನದು ಸಿಂಹ ರಾಶಿ. ಒಗೆದ ಪಂಚೆ ಉಟ್ಟು ಹೊರಗೆ ಕಟ್ಟೆ ಮೇಲೆ ಕೂತ್ರು. ಪಕ್ಕದ ಕಟ್ಟೆ ಮೇಲೆ ಸಣ್ಣಜ್ಜ ಅವರಿಗಿಂತ ಮೊದಲೇ ಬಂದು ಕೂತಿದ್ರು. ಅವರದೂ ಸಿಂಹ ರಾಶಿಯೇ. ಊಟ ಅಲ್ಲಿಗೇ ಬಂತು, ಚಾ ಅಲ್ಲಿಗೇ ಬಂತು. ಸಂಜೆವರೆಗೂ ಇಬ್ಬರೂ ಮೀಸೆ ತಿರುವಿಕೊಂಡು ಕಾದ್ರು. ಯಾರೂ ಗೆಲ್ಲಲಿಲ್ಲ, ಇಬ್ಬರಿಗೂ ಸೊಂಟ ಹಿಡೀತು.

೪. ಬಾಯಿ ಮುಚ್ಚಿದ ವಾರ್ತೆಯಮ್ಮ

ವಾರ್ತೆ ಓದೋ ಹೆಣ್ಣುಮಗಳು ಉಸಿರು ತಗೊಳ್ಳದೆ ಮಾತಾಡೋದು ಅಜ್ಜನಿಗೆ ಆಗ್ತಿರಲಿಲ್ಲ. ಒಮ್ಮೆ ಅವರು ಸ್ವಲ್ಪ ಸುಮ್ಮನಿರವ್ವ ಅಂತ ಗದರಿದ್ರು. ನಾನು ಕಂಬದ ಹಿಂದೆ ರಿಮೋಟು ಹಿಡಿದು ಕೂತಿದ್ದೆ, ಮ್ಯೂಟ್ ಒತ್ತಿದೆ. ಆಕೆ ಗಪ್ ಆದಳು. ಅಜ್ಜ ಬೆರಗಾಗಿ, ಹ್ಞಾಂ, ಈಗ ಹೇಳು ಅಂದ್ರು. ಮತ್ತೆ ಒತ್ತಿದೆ, ಆಕೆ ಶುರು ಮಾಡಿದಳು.

ಆ ವಾರವೆಲ್ಲ ಅಜ್ಜ ಆಕೆಯನ್ನ ಕೂರಿಸಿ ಏಳಿಸಿ ಮಾಡಿದ್ರು. ದೊಡ್ಡೋರ ಮಾತು ಕೇಳೋ ಹುಡುಗಿ, ಯಾರ ಮನೆಯವಳೋ ಅಂತ ಅಮ್ಮನ ಎದುರಿಗೆ ಬೇಕಂತಲೇ ಹೊಗಳಿದ್ರು. ಕಂಬದ ಹಿಂದೆ ನಾನು ನಗು ತಡೆಯೋಕೆ ಅಂಗಿ ಕಚ್ಚಿಕೊಂಡಿದ್ದೆ.

ಒಂದು ಸಂಜೆ ರೊಟ್ಟಿ ಮುರೀತಿದ್ದ ಅಜ್ಜನ ಕೈ ಹಂಗೇ ನಿಂತಿತು.

"ನಾನು ಹೇಳಿದ್ದು ಇವಳಿಗೆ ಕೇಳಿಸ್ತೈತೆ ಅಂದ್ರೆ, ನಾವು ಇಲ್ಲಿ ಮಾತಾಡೋದೆಲ್ಲ ಅದರೊಳಗೆ ಹೋಗ್ತೈತಲ್ಲ?"

ನನ್ನ ಕಿತಾಪತಿ ನನ್ನ ಕೈಮೀರಿ, ನನಗಿಂತ ಮುಂದಿನ ಕ್ಲಾಸಿಗೆ ಹೋಗಿಬಿಟ್ಟಿತ್ತು.

೫. ಮಲೆಬೆನ್ನೂರಿನ ಎಮ್ಮೆ

ಅದೇ ಹೊತ್ತಿಗೆ ಮಲೆಬೆನ್ನೂರಿನಲ್ಲಿ ಒಂದು ಒಳ್ಳೆ ಎಮ್ಮೆ ಮಾರಾಟಕ್ಕಿದೆ ಅಂತ ಅಜ್ಜನಿಗೆ ಸುದ್ದಿ ಬಂತು. ಊಟಕ್ಕೆ ಕೂತಾಗ ಬಾಗಿಲು ಹಾಕಿಸಿ, ಕಿಟಕಿ ಹಾಕಿಸಿ, ಯಾರ ಹತ್ರನೂ ಬಾಯಿ ಬಿಡಬ್ಯಾಡ್ರಿ, ನಾಡಿದ್ದು ಹೋಗಿ ಹೊಡ್ಕಂಡು ಬರ್ತೀನಿ ಅಂತ ಗುಟ್ಟಾಗಿ ಹೇಳಿದ್ರು. ಗುಟ್ಟಿಗೆ ಕಿಟಕಿ ಗಾಜು ಅದುರಿತು.

ಮಾರನೇ ದಿನ ಸಂಜೆ ಆ ಎಮ್ಮೆ ಸಣ್ಣಜ್ಜನ ಹಿತ್ತಲಲ್ಲಿ ನಿಂತು, ಗೋಡೆ ಮೇಲಿಂದ ನಮ್ಮ ಮನೆ ಕಡೆ ನೋಡ್ತಾ ಮೆಲುಕು ಹಾಕ್ತಿತ್ತು.

ಅಜ್ಜ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ್ರು. ಯಾರೂ ಹೇಳಿಲ್ಲ. ಹಂಗಾದ್ರೆ ಟೀವಿಯೇ ಹೇಳಿದ್ದು. ಕೇಳಿಸ್ಕಳ್ಳೋದು ಗೊತ್ತೇ ಐತೆ, ತಟ್ಟೆ ಬೇರೆ ಅವನ ಮನೆ ಕಡೆಗೇ ಐತೆ, ಇನ್ನೇನು ಸಾಕ್ಷಿ ಬೇಕು ಅಂದ್ರು. ಶನಿವಾರ ಗೂಡ್ಸ್ ಆಟೋ ಬರ್ತೈತೆ, ಟೀವಿ ಹರಿಹರಕ್ಕೆ ವಾಪಸ್ ಅಂತ ತೀರ್ಪಾಯ್ತು.

ನನಗೆ ಕಾರ್ಟೂನು ಹೋಗ್ತೈತಲ್ಲ ಅಂತ ಅಳು. ಆದ್ರೆ ನಿಜವಾಗಿ ಕಳ್ಕಳ್ಳೋದು ಅಜ್ಜಿ. ಮಂಡಿನೋವಿಗೆ ಅವಳು ಹೊಸ್ತಿಲು ದಾಟಿದ್ದೇ ಅಪರೂಪ. ಸಂಜೆ ಸೀರಿಯಲ್ ಹೊತ್ತು ಒಂದೇ ಅವಳು ಕೆಲಸ ಬಿಟ್ಟು ಕೂರೋದು. ಸೋಮವಾರ ಸೀರಿಯಲ್ ಹುಡುಗಿಗೆ ಮದುವೆ. ಗಂಡು ಸರಿ ಇಲ್ಲ ಅಂತ ಅಜ್ಜಿಗೆ ಗೊತ್ತಿತ್ತು, ಹುಡುಗಿಗೆ ಗೊತ್ತಿರಲಿಲ್ಲ. ಅಂಥ ಹೊತ್ತಲ್ಲಿ ಕೈಬಿಡೋದು ಹೆಂಗೆ? ಅಜ್ಜಿ ಅಳಲಿಲ್ಲ, ಜಗಳ ಮಾಡಲಿಲ್ಲ. ಸಾರಿಗೆ ಉಪ್ಪು ಹಾಕೋದು ಬಿಟ್ಟಳು. ಗುಮಾನಿ ಮನುಷ್ಯ ಅಜ್ಜ ಅದೊಂದನ್ನ ಮಾತ್ರ ಏನೂ ಕೇಳದೆ ಉಂಡ್ರು.

೬. ಸಾಕ್ಷಿ

ಶನಿವಾರ ಆಟೋ ಬಂದು ಬಾಗಿಲಲ್ಲಿ ನಿಂತಿತು. ಅಪ್ಪ, ಚಿಕ್ಕಪ್ಪ ಹಗ್ಗ ಹಿಡಿದು ಬಂದ್ರು. ಆಗ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಟೀವಿ ಮುಂದೆ ಬಂದು ನಿಂತಳು. "ಕಳ್ಳರನ್ನೂ ವಿಚಾರಣೆ ಮಾಡಿ ಕಳಿಸ್ತಾರೆ. ಒಂದು ಸಲ ಪರೀಕ್ಷೆ ಮಾಡ್ರಿ. ತಪ್ಪು ಅದರದ್ದೇ ಆದ್ರೆ ನಾನೇ ಎತ್ತಿ ಆಟೋಕ್ಕೆ ಹಾಕ್ತೀನಿ."

ವಿಚಾರಣೆ ಅಂದ್ರೆ ಅಜ್ಜ ಬ್ಯಾಡ ಅನ್ನೋ ಜನ ಅಲ್ಲ. ಟೀವಿ ಹಾಕಿಸಿ, ಸೌಂಡು ಬಂದ್ ಮಾಡಿಸಿದ್ರು. ಅದರ ಕಿವಿ ಎಲ್ಲಿದೆ ಅಂತ ಗೊತ್ತಾಗದೆ ಡುಬ್ಬದ ಹತ್ರ ಬಾಯಿಟ್ಟು, ಕೈ ಅಡ್ಡ ಹಿಡಿದು, ಒಂದು ಸುಳ್ಳು ಗುಟ್ಟು ಪಿಸುಗುಟ್ಟಿದ್ರು. ನಾಳೆ ನಡುಗೋಡೆ ಒಡೆಸಿ ಅವನ ಹಿತ್ತಲೊಳಕ್ಕೆ ಸರಿಸಿ ಕಟ್ಟಿಸ್ತೀನಿ ಅಂತ.

ಗೋಡೆ ಆಚೆಯಿಂದ ಸಣ್ಣಜ್ಜ ಗುಡುಗಿದ್ರು. ಅವರದೂ ಅದೇ ವಂಶದ ಗಂಟಲು. "ಒಡೆಸು ನೋಡನ, ಅಣ್ಣಾ!"

ಅಜ್ಜ ಗೆದ್ದವರಂತೆ ಅಜ್ಜಿ ಮುಖ ನೋಡಿದ್ರು. ಅಜ್ಜಿ ಅಲುಗಲಿಲ್ಲ. ಈಗ ಅದನ್ನ ಹೊರಗೆ ಸಾಗಿಸಿ ಇನ್ನೊಂದು ಹೇಳ್ರಿ ಅಂದಳು. ವೈರು ಕಿತ್ತು, ಕಂಬಳಿ ಹೊದಿಸಿ, ಟೀವಿಯನ್ನ ಆಟೋದೊಳಗೆ ಇಟ್ಟರು. ಆಟೋ ಬೀದಿ ಕೊನೆಗೆ ಹೋಗಿ ನಿಂತಿತು. ಅಜ್ಜ ಖಾಲಿ ಮೂಲೆಗೆ ಬಗ್ಗಿ, ಇವತ್ತು ಹೋಳಿಗೆ ಮಾಡ್ಸೀನಿ, ಆ ಮನೆಗೆ ಒಂದೂ ಕೊಡಬ್ಯಾಡ್ರಿ ಅಂತ ಪಿಸುಗುಟ್ಟಿದ್ರು.

"ಕೊಟ್ರೂ ಯಾವನು ತಿಂತಾನೆ? ನಂಗೆ ಶುಗರ್ರು, ಅದೂ ಗೊತ್ತಿಲ್ವಾ ನಿಂಗೆ?" ಅಂದ್ರು ಗೋಡೆ ಆಚೆಯ ಸಣ್ಣಜ್ಜ.

ಅಪ್ಪ ಗೋಡೆ ನೋಡಿದ, ಚಿಕ್ಕಪ್ಪ ನೆಲ ನೋಡಿದ. ಅಜ್ಜ ಸುತ್ತ ಕಣ್ಣಾಡಿಸಿ ಅಜ್ಜಿ ಮೇಲೆ ತಂದು ನಿಲ್ಲಿಸಿದ್ರು. ಹಂಗಾದ್ರೆ ಹೇಳಿದ್ದು ನೀನೇ ಏನು ಅಂದ್ರು.

"ಹೌದ್ರಿ, ನಾನೇ" ಅಂದಳು ಅಜ್ಜಿ. "ನನ್ನನ್ನ ಹರಿಹರಕ್ಕೆ ಕಳಿಸ್ರಿ. ಆಟೋ ಹೆಂಗೂ ನಿಂತೈತೆ. ಟೀವಿನೂ ಅದರಾಗೇ ಐತೆ, ಇಬ್ರೂ ಹೋಗ್ತೀವಿ."

ಅಜ್ಜ ಬಾಯಿ ತೆರೆಯೋ ಮೊದಲೇ ಗೋಡೆ ಆಚೆಯಿಂದ, "ಅತ್ತಿಗೆನ ಕಳಿಸಬ್ಯಾಡ ಅಣ್ಣಾ, ನಿನ್ನ ಯಾರು ಸಾಕ್ತಾರೆ?" ಅಂತ ಬಂತು.

ಟೀವಿ ಒಳಗೆ ಬಂತು. ಅಜ್ಜಿ ತನ್ನ ಜಾಗದಲ್ಲಿ ಕೂತಳು. ಅಜ್ಜಿಯನ್ನ ಕಳಿಸೋ ಹಂಗಿಲ್ಲ, ಆದ್ರೆ ತಪ್ಪು ಯಾರದ್ದಾದ್ರೂ ಆಗಲೇಬೇಕಲ್ಲ, ಅಜ್ಜನಿಗೆ ಸಮಾಧಾನ ಇಲ್ಲ. ಅಡುಗೆಮನೆಗೆ ಹೋಗಿ, ಅಮ್ಮ ತವರಿಂದ ತಂದಿದ್ದ ಫ್ರಿಜ್ಜಿನ ಮುಂದೆ ನಿಂತ್ರು. ಮೆಲ್ಲಗೆ ಅದರ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ಇಟ್ಟಂಗೇ ನನ್ನನ್ನ ಕರೆದು ಪಿಸುಗುಟ್ಟಿದ್ರು.

"ಮುಟ್ಟಿ ನೋಡು, ಹೆಂಗೆ ನಡುಗ್ತೈತೆ. ಹೇಳಿದ್ದು ಇದೇ."