ಉನಾಯಿಸಿ ‘ಆಗಲ್ಲ’ ಅಂದ ದಿನ

ಆಕ್ಲೆಂಡಿನಿಂದ ಬರಬೇಕಿದ್ದ ತರಬೇತುಗಾರ್ತಿಗೆ ವಿಮಾನ ತಪ್ಪಿತು. ಆಕೆ ಮನೆಗೆ ವಾಪಸು ಹೋಗಿ ಹೊದ್ದು ಮಲಗಿದಳೋ ಏನೋ, ಅದರ ಫಲವನ್ನು ಫಿಜಿಯಲ್ಲಿ ಉನಾಯಿಸಿ ಉಣ್ಣಬೇಕಾಯಿತು.

ಆ ಹೊತ್ತಿಗೆ ಉನಾಯಿಸಿ ಲಾಮಿ ಕಡಲತೀರದ ಸಂಶೋಧನಾ ಕೇಂದ್ರದ ಹಿತ್ತಿಲಲ್ಲಿ, ತೊಟ್ಟಿಯ ನೀರಿಗೆ ಮೊಣಕೈವರೆಗೆ ಕೈಯಿಳಿಸಿ ನಿಂತಿದ್ದಳು. ತೊಟ್ಟಿಯ ತುಂಬ ಕಡಲಸೌತೆಗಳು. ಹೆಸರು ತರಕಾರಿಯದಾದರೂ ಅದು ಪ್ರಾಣಿ. ಕಚ್ಚುವುದಿಲ್ಲ, ಓಡುವುದಿಲ್ಲ. ತೀರಾ ಕಾಡಿದರೆ ತನ್ನ ಕರುಳನ್ನೇ ಹೊರಕ್ಕೆ ಕಕ್ಕಿ, ಆಮೇಲೆ ವಾರಗಟ್ಟಲೆ ಸುಮ್ಮನೆ ಬಿದ್ದುಕೊಂಡು ಹೊಸದನ್ನು ಬೆಳೆಸಿಕೊಳ್ಳುತ್ತದೆ. ಅವುಗಳಿಂದ ಮರಿ ಮಾಡಿಸುವ ವಿದ್ಯೆಯಲ್ಲಿ ಕೇಂದ್ರದಲ್ಲಿ ಉನಾಯಿಸಿಯನ್ನು ಮೀರಿಸಿದವರಿರಲಿಲ್ಲ. ಹಾಗಿದ್ದೂ ಹನ್ನೊಂದು ವರ್ಷಗಳಿಂದ ಅವಳದು ಗುತ್ತಿಗೆ ಕೆಲಸ. ಈ ಸಲದ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಆದರೆ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾಗಿತ್ತು. ಅದು ಸಿಕ್ಕರೆ ಕೆಲಸ ಕಾಯಂ. ಸಿಗದಿದ್ದರೆ ಅಕ್ಕನ ಮನೆಯ ಹಿಂದಿನ ಕೋಣೆ, ಅಕ್ಕನ ಐದು ಮಕ್ಕಳು.

ಕಮ್ಲೇಶ್ನಿ ಛತ್ರಿ ಮಡಿಸುವುದನ್ನೂ ಮರೆತು ಓಡಿಬಂದಳು. ಆಕೆ ಮಣ್ಣಿನ ವಿಜ್ಞಾನಿ. ಅದಕ್ಕಿಂತ ಹೆಚ್ಚಾಗಿ ವಿಜ್ಞಾನಿ ಮಹಿಳೆಯರ ಸಂಘದ ಕಾರ್ಯದರ್ಶಿ.

“ಆಕ್ಲೆಂಡಿನವಳು ಬರ್ತಿಲ್ಲ ಕಣೇ! ಮಧ್ಯಾಹ್ನದ ತರಬೇತಿ ನೀನೇ ನಡೆಸ್ಬೇಕು.”

“ನಾನಾ? ಏನು ವಿಷಯ?”

“ಆಗಲ್ಲ ಅಂತ ಹೇಳೋದು ಹೇಗೆ.”

“ಕಮ್ಲೇಶ್ನಿ, ನನಗೆ ಅದೊಂದು ಬರಲ್ಲ ಅಂತ ಊರಿಗೇ ಗೊತ್ತು.”

“ಗೊತ್ತು ಮಾರಾಯ್ತಿ. ನಿನಗಿಂತ ಮುಂಚೆ ನಾಲ್ಕು ಜನರನ್ನ ಕೇಳ್ದೆ. ಎಲ್ರೂ ಆಗಲ್ಲ ಅಂದ್ರು.”

ಆ ನಾಲ್ವರಿಗೆ ತರಬೇತಿಯ ಅಗತ್ಯವೇ ಇರಲಿಲ್ಲ ಎಂದು ಉನಾಯಿಸಿಗೆ ಹೊಳೆಯಿತು. ಆದರೆ ಬಾಯಿ ಅಷ್ಟರಲ್ಲಿ “ಆಗಲಿ” ಎಂದಾಗಿತ್ತು.

ತಪ್ಪು ಅವಳೊಬ್ಬಳದಲ್ಲ. ಅವಳ ಜನರಲ್ಲಿ ‘ಕೆರೆಕೆರೆ’ ಎಂಬ ಪದ್ಧತಿಯಿದೆ. ನೆಂಟನೋ ನೆರೆಯವನೋ ಬಂದು ‘ಕೆರೆಕೆರೆ’ ಎಂದು ಕೈಚಾಚಿದರೆ ಕೊಡಲೇಬೇಕು. ದೋಣಿಯಾಗಲಿ, ಹೊಸ ಅಂಗಿಯಾಗಲಿ, ಭಾನುವಾರದ ಬಿಡುವಾಗಲಿ. ಇಲ್ಲವೆಂದವನನ್ನು ಮೂರು ತಲೆಮಾರು ಆಡಿಕೊಳ್ಳುತ್ತದೆ. ಗಂಡಸರು ಈ ಪದ್ಧತಿಯನ್ನು ಕಚೇರಿಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರುತ್ತಿದ್ದರು. ಉನಾಯಿಸಿ ಹೊತ್ತುಕೊಂಡೇ ಬರುತ್ತಿದ್ದಳು.

“ಇನ್ನೊಂದು ಸಿಹಿಸುದ್ದಿ. ಖಾಲಿ ಇರೋ ಮುಖ್ಯಸ್ಥರ ಹುದ್ದೆಗೆ ಮೊದಲು ಅರ್ಹ ಮಹಿಳೇನ ಕೇಳ್ಬೇಕು ಅಂತ ನಮ್ಮ ಸಂಘ ಬಡಿದಾಡಿತ್ತಲ್ಲ, ಮುಖ್ಯ ಕಚೇರಿ ಒಪ್ಪಿದೆಯಂತೆ. ಶುಕ್ರವಾರ ಪತ್ರ ಬರುತ್ತೆ. ಅರ್ಹ ಮಹಿಳೆ ಅಂದ್ರೆ ಇಲ್ಲಿ ನಿನ್ನ ಬಿಟ್ರೆ ಯಾರಿದಾರೆ?”

ಉನಾಯಿಸಿಯ ಎದೆ ಹಗುರಾಯಿತು. ಅಂದು ಮಂಗಳವಾರ. ಇನ್ನು ಮೂರು ದಿನ ಯಾರು ಏನು ಹೊರಿಸಿದರೂ ಹೊರಬಲ್ಲೆ ಎನ್ನಿಸಿತು.

ಹೊರಿಸುವವರಿಗೆ ಬರವಿರಲಿಲ್ಲ. ಸಭಾಂಗಣಕ್ಕೆ ಹೋಗುವಷ್ಟರಲ್ಲಿ ನಿರ್ದೇಶಕ ಇನೋಕೆ ಎದುರಾದ. ಹೂವಿನ ಅಂಗಿ, ಸೊಂಟಕ್ಕೆ ಇಸ್ತ್ರಿ ಮಾಡಿದ ಸುಲು ಪಂಚೆ, ಸದಾ ಆಗಷ್ಟೇ ಊಟ ಮುಗಿಸಿದಂಥ ಮುಖ.

“ತಂಗಿ, ಒಂದು ಸಣ್ಣ ಜವಾಬ್ದಾರಿ. ಅತಿಥಿಗಳಿಗೆ ಹೂವಿನ ಹಾರ ಆಗ್ಬೇಕಲ್ಲ. ಕೆರೆಕೆರೆ.”

“ಆಗಲಿ ಸರ್.”

ಹಾರ ಕಟ್ಟಿದ್ದಾಯಿತು. ಆಮೇಲೆ ಇನ್ನೊಂದು ಸಣ್ಣ ಜವಾಬ್ದಾರಿ: ಕುರ್ಚಿ ಸಾಲದು, ಕೆರೆಕೆರೆ. ಚರ್ಚಿನಿಂದ ಕುರ್ಚಿ ತರಿಸಿದ್ದಾಯಿತು. ಮತ್ತೊಂದು: ಕೇಕು ತರುವವಳಿಗೆ ಜ್ವರ, ಕೆರೆಕೆರೆ. ಉನಾಯಿಸಿ ಮಳೆಯಲ್ಲಿ ಬಸ್ಸು ಹತ್ತಿ ಮರಗೆಣಸಿನ ಕೇಕು ತಂದಳು. ವಿಜ್ಞಾನದಲ್ಲಿ ಮಹಿಳೆಯರನ್ನು ಮುಂದೆ ತರುವ ಕೆಲಸದಲ್ಲಿ ಅವಳ ಕಡಲಸೌತೆಗಳು ಬೆಳಗಿನಿಂದ ಹಿಂದೆ ಬಿದ್ದಿದ್ದವು.

ತೊಟ್ಟಿಯ ನೀರು ಬದಲಿಸಲೇಬೇಕಿತ್ತು. ಅವಳು ತನ್ನ ವಿಭಾಗದ ಕಿರಿಯ ವಿಜ್ಞಾನಿ ಸೆತಾರೆಕಿಯನ್ನು ಹುಡುಕಿದಳು. ಸೆತಾರೆಕಿಗೆ ಕೊಳವೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವಳು ಅವಳೇ. ಅವನು ಷೆಡ್ಡಿನಲ್ಲಿ ಗಂಡಸರ ಜೊತೆ ಚಾಪೆಯ ಮೇಲೆ ಕೂತು ಮರದ ಬೋಗುಣಿಯ ನೀರಲ್ಲಿ, ಕುಡಿದರೆ ಮಂಪರು ತರುವ ಯಂಗೋನದ ಬೇರಿನ ಪುಡಿ ಕಿವುಚುತ್ತಿದ್ದ.

“ಸೆತಾರೆಕಿ, ತೊಟ್ಟಿಯ ನೀರೊಂದು ಬದಲಿಸಿಬಿಡಪ್ಪ.”

“ಆಗಲ್ಲ ಅಕ್ಕ,” ಎಂದ, ತಲೆಯೆತ್ತದೆ. “ಕೈ ಒದ್ದೆ ಇದೆ.”

ಎಷ್ಟು ಸಲೀಸು! ಇವನನ್ನೇ ತರಬೇತಿಗೆ ಕರೆಯಬೇಕಿತ್ತು ಎಂದುಕೊಂಡು ಅವಳೇ ನೀರು ಬದಲಿಸಿದಳು.

ಸಭಾಂಗಣದಲ್ಲಿ ಅರವತ್ತು ಹೆಂಗಸರು ಸೇರಿದ್ದರು. ವೇದಿಕೆಯ ಹಿಂದೆ ಸಂಘದ ದೊಡ್ಡ ಭಿತ್ತಿಪತ್ರ: ‘ಮಹಿಳೆ ಒಮ್ಮೆ ಆಗಲ್ಲ ಎಂದರೆ ಕಾರಣ ಕೇಳಬೇಡಿ. ಮತ್ತೊಮ್ಮೆ ಕೇಳಬೇಡಿ.’ ವಾಕ್ಯ ಉನಾಯಿಸಿಯದೇ. ಬರೆದುಕೊಡು ಎಂದು ಕಮ್ಲೇಶ್ನಿ ಕೇಳಿದ್ದಳು, ಆಗಲ್ಲ ಎನ್ನಲಾಗದೆ ಬರೆದುಕೊಟ್ಟಿದ್ದಳು.

ಆಕ್ಲೆಂಡಿನವಳು ಕಳಿಸಿದ್ದ ಪಾಠವನ್ನು ಉನಾಯಿಸಿ ಓದತೊಡಗಿದಳು. ಬೆನ್ನು ನೆಟ್ಟಗಿರಲಿ. ಕ್ಷಮೆ ಕೇಳಬೇಡಿ. ನಗಬೇಡಿ. ಮುಂದಿನ ಸಾಲಿನಿಂದ ಒಬ್ಬ ತರುಣಿ ಎದ್ದಳು.

“ಅಕ್ಕ, ನೀವು ಯಾವತ್ತಾದ್ರೂ ಹಾಗೆ ಅಂದಿದೀರಾ?”

ಸಭೆ ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು: “ಅವಳಾ? ಸೊಳ್ಳೆ ಬಂದು ಕೆರೆಕೆರೆ ಅಂದ್ರೆ ತೋಳು ಮಡಿಸಿ ಕೊಡ್ತಾಳೆ!”

ನಗು ಇನ್ನೂ ಜೋರಾಯಿತು. ಕಮ್ಲೇಶ್ನಿ ಎದ್ದು ನಿಂತಳು. “ಹಾಗಾದ್ರೆ ಇವತ್ತೇ ಮುಹೂರ್ತ! ಇನ್ನು ಯಾರು ಬಂದು ಏನು ಕೇಳಿದ್ರೂ ಉನಾಯಿಸಿ ಆಗಲ್ಲ ಅನ್ಬೇಕು. ನಮ್ಮೆಲ್ಲರ ಎದುರಿಗೇ. ಆಯ್ತಾ?”

“ಆಗಲಿ,” ಎಂದಳು ಉನಾಯಿಸಿ. ಮತ್ತೆ ನಗು.

ಆಗಲೇ ಬಾಗಿಲು ತೆರೆಯಿತು. ನಿರ್ದೇಶಕ ಇನೋಕೆ ಒಳಗೆ ತಲೆ ಹಾಕಿದ. ಅರವತ್ತು ಹೆಂಗಸರು ಒಮ್ಮೆಲೇ ತಿರುಗಿ ನೋಡಿದ್ದರಿಂದ ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

“ಕ್ಷಮಿಸಿ. ಡಾಕ್ಟರ್ ಉನಾಯಿಸಿ, ಇನ್ನೊಂದು ಜವಾಬ್ದಾರಿ ಇದೆ. ನೀವು ವಹಿಸ್ಕೋತೀರಾ?”

ಹಾರ, ಕುರ್ಚಿ, ಕೇಕು. ಇನ್ನೇನು ಉಳಿದಿದೆ? ಪಾತ್ರೆ ತೊಳೆಯುವುದು. ಉನಾಯಿಸಿ ಬೆನ್ನು ನೆಟ್ಟಗೆ ಮಾಡಿದಳು. ಕ್ಷಮೆ ಕೇಳಲಿಲ್ಲ. ನಗಲಿಲ್ಲ.

“ಆಗಲ್ಲ.”

ತಗಡಿನ ಮಾಡು ಹಾರುವಂಥ ಚಪ್ಪಾಳೆ.

“ಅಲ್ಲ, ಇದು ಯಾವ ಜವಾಬ್ದಾರಿ ಅಂದ್ರೆ...” ಎಂದು ಇನೋಕೆ ಶುರುಮಾಡಿದ.

“ಮತ್ತೆ ಕೇಳಬೇಡಿ!” ಎಂದು ಅರವತ್ತು ಬೆರಳುಗಳು ಭಿತ್ತಿಪತ್ರದ ಕಡೆ ಚಾಚಿದವು. ಅವನು ಅದನ್ನು ಓದಿದ. ಇನ್ನೊಮ್ಮೆ ಓದಿದ. ತಲೆಬಾಗಿಸಿ, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದ.

ಹೆಂಗಸರು ಉನಾಯಿಸಿಯನ್ನು ತಬ್ಬಿಕೊಂಡರು. ಸೊಳ್ಳೆಯ ಮಾತಾಡಿದವಳು ಕ್ಷಮೆ ಕೇಳಿದಳು. ಉನಾಯಿಸಿ ಮೊದಲ ಸಲ ತಾನೇ ತಂದ ಕೇಕಿನ ದೊಡ್ಡ ತುಂಡನ್ನು ತಾನೇ ತೆಗೆದುಕೊಂಡಳು. ತಿನ್ನುತ್ತ ತೊಟ್ಟಿಗಳ ಕಡೆ ಹೊರಟಳು.

ಷೆಡ್ಡಿನಲ್ಲಿ ಗಂಡಸರು ಬೋಗುಣಿಯ ಸುತ್ತ ಕೂತೇ ಇದ್ದರು. ಇನೋಕೆ ತೆಂಗಿನ ಚಿಪ್ಪನ್ನು ತುಂಬಿಸಿ ಸೆತಾರೆಕಿಗೆ ಕೊಡುತ್ತಿದ್ದ. “ಮೊದಲ ಚಿಪ್ಪು ನಮ್ಮ ಹೊಸ ಮುಖ್ಯಸ್ಥರಿಗೆ.”

ಉನಾಯಿಸಿ ಕೇಕು ಹಿಡಿದೇ ಬಾಗಿಲಲ್ಲಿ ನಿಂತಳು. “ಸರ್, ಯಾವ ಮುಖ್ಯಸ್ಥ?”

“ನಿಮ್ಮ ವಿಭಾಗದ್ದೇ ತಂಗಿ. ಪತ್ರ ಇವತ್ತೇ ಬಂತು. ಮೊದಲು ಮಹಿಳೇನ ಕೇಳ್ಬೇಕು ಅಂತಿತ್ತು. ಕೇಳ್ದೆ. ನೀವು ಆಗಲ್ಲ ಅಂದ್ರಿ.”

“ಇದೇ ಅಂತ ನೀವು ಹೇಳಲೇ ಇಲ್ಲ!”

“ಹೇಳೋಕೆ ಬಾಯಿ ತೆಗೆದ್ರೆ ಅರವತ್ತು ಜನ ಬಿಡಬೇಕಲ್ಲ? ಮುಖ್ಯ ಕಚೇರಿಗೆ ಫೋನ್ ಮಾಡಿ ತಿಳಿಸಿದ್ದಾಯ್ತು. ಸೆತಾರೆಕಿ ಇಲ್ಲೇ ಕೂತಿದ್ದ. ನಾನು ಪೂರ್ತಿ ಕೇಳೋ ಮೊದಲೇ ಹೂಂ ಅಂದ.”

ಆಗ ಅವಳಿಗೆ ನೆನಪಾಯಿತು. ಹಾರಕ್ಕೂ ಕುರ್ಚಿಗೂ ಕೇಕಿಗೂ ಬಾಲದಂತೆ ಅಂಟಿಕೊಂಡಿದ್ದ ‘ಕೆರೆಕೆರೆ’ ಕೊನೆಯ ಮಾತಿಗೆ ಇರಲಿಲ್ಲ. ‘ತಂಗಿ’ಯ ಜಾಗದಲ್ಲಿ ‘ಡಾಕ್ಟರ್’ ಬಂದಿತ್ತು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ಅವಳಿಂದ ಪಡೆಯುವುದಕ್ಕಲ್ಲ, ಅವಳಿಗೆ ಕೊಡುವುದಕ್ಕಾಗಿ ಕೇಳಿದ್ದರು.

ಅವಳು ಸಭಾಂಗಣಕ್ಕೆ ಓಡಿದಳು. ಕಮ್ಲೇಶ್ನಿ ಎಲ್ಲ ಕೇಳಿ ಕುರ್ಚಿಯಲ್ಲಿ ಕುಸಿದಳು.

“ಸಂಘದಿಂದ ತಕರಾರು ಹಾಕಬಹುದಲ್ವಾ?” ಎಂದಳು ಉನಾಯಿಸಿ.

“ಏನಂತ ಹಾಕೋಣ ಕಣೇ? ಅವಳು ಆಗಲ್ಲ ಅಂದಿದ್ದನ್ನ ಆಗಲ್ಲ ಅಂತ ತಿಳೀಬೇಡಿ ಅಂತಾನಾ? ನಾವೇ ಹಾಗಂದ್ರೆ ನಾಳೆ ನಮ್ಮಲ್ಲಿ ಯಾರ ಮಾತಿಗೂ ಬೆಲೆ ಇರಲ್ಲ.” ಅವಳ ಕಣ್ಣಲ್ಲಿ ನೀರಿತ್ತು, ನಿಯಮ ಮಾತ್ರ ಒಣಗಿಯೇ ಇತ್ತು.

ಅಷ್ಟರಲ್ಲಿ ಸೆತಾರೆಕಿ ಬಂದ. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಯಂಗೋನದ ಬೇರು. ದೊಡ್ಡ ಕೋರಿಕೆಗೆ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಅವನು ಎಲ್ಲರೆದುರು ನೆಲಕ್ಕೆ ಕೂತು ಬೇರನ್ನು ಅವಳ ಕಾಲ ಬಳಿ ಇಟ್ಟ.

“ಅಕ್ಕ, ಕಡಲಸೌತೆ ಬಗ್ಗೆ ನನಗೇನು ಗೊತ್ತು ಅಂತ ನಿಮಗೇ ಗೊತ್ತು. ನಿಮ್ಮ ಗುತ್ತಿಗೇನ ಆರು ತಿಂಗಳು ಮುಂದುವರಿಸ್ತೀನಿ. ಅಷ್ಟರಲ್ಲಿ ಮುಖ್ಯಸ್ಥನ ಕೆಲಸ ಪೂರ್ತಿ ಕಲಿಸಿಕೊಡಿ. ಕೆರೆಕೆರೆ.”

ಅರವತ್ತು ಹೆಂಗಸರು ಅವಳ ಕಡೆ ತಿರುಗಿದರು. ಉನಾಯಿಸಿ ಬೆನ್ನು ನೆಟ್ಟಗೆ ಮಾಡಿದಳು. ಭಿತ್ತಿಪತ್ರವನ್ನು ನೋಡಿದಳು, ಸೆಕೆಗೆ ಅದರ ಒಂದು ಮೂಲೆ ಕಿತ್ತು ಜೋಲುತ್ತಿತ್ತು. ಬೇರನ್ನು ನೋಡಿದಳು. ಅಕ್ಕನ ಮನೆಯ ಹಿಂದಿನ ಕೋಣೆ ಕಣ್ಣಿಗೆ ಬಂತು.

“ಆಗಲಿ,” ಎಂದಳು.

ಈ ಸಲ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೆತಾರೆಕಿಯೊಬ್ಬ ಪದ್ಧತಿಯಂತೆ ಅಂಗೈ ಬಟ್ಟಲು ಮಾಡಿ, ಗೌರವದಿಂದ, ಮೂರು ಸಲ ತಟ್ಟಿದ.