ರೈಟ್ ಅಂದರೆ ಹಾಳೆ ತಿರುಗಬೇಕು

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಜಾಲಾಡಿದರೂ ಕಥೆ ಪುಸ್ತಕಕ್ಕೆ ನಮ್ಮಣ್ಣನಷ್ಟು ಎಂಜಲು ಹಚ್ಚಿದ ಮನುಷ್ಯ ಸಿಗಲಿಕ್ಕಿಲ್ಲ! ಮೀಸೆ ಚಿಗುರಿದಾಗಿನಿಂದ ಅದು ನೆರೆಯುವವರೆಗೆ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವನು. ನಾಲಿಗೆಗೆ ಬೆರಳು ಮುಟ್ಟಿಸದೆ ಅವನಿಗೆ ಟಿಕೆಟ್ ಹರಿಯಲೂ ಬರುತ್ತಿರಲಿಲ್ಲ, ಹಾಳೆ ತಿರುಗಿಸಲೂ ಬರುತ್ತಿರಲಿಲ್ಲ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಸೀಟು ಖಾಲಿಯಿಲ್ಲ ಅನ್ನುತ್ತಿದ್ದ. ಅವನಿಗಿದ್ದ ಹೆಮ್ಮೆ ಒಂದೇ. ಸ್ಟಾಪು ಬರುವ ಮೊದಲು ಯಾವ ಪ್ಯಾಸೆಂಜರನ್ನೂ ಇಳಿಸಿದವನಲ್ಲವಂತೆ.

ಕೆಲಸ ಬಿಟ್ಟ ಮೇಲೆ ಒಂದು ಟ್ರಂಕು ಪುಸ್ತಕ ಹೊತ್ತುಕೊಂಡು ಅಜ್ಜಂಪುರದ ನಮ್ಮ ಮನೆಯ ಮುಂದಿನ ಕೋಣೆಗೆ ಬಂದು ಕೂತ. ಅವನ ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು, ನೇರವಾಗಿ ಕಣ್ಣಿಗಿಳಿಯಿತು. ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಹರಿದುಹೋಗುತ್ತವೆ ಎಂದ. ಕಡೂರಿಗೆ ಕೊಟ್ಟಿರುವ ನನ್ನ ಮಗಳು ಅಂಗೈಗಿಂತ ತುಸು ದೊಡ್ಡದಾದ ಟ್ಯಾಬೊಂದನ್ನು ತಂದು, ಅದರೊಳಗೆ ಕಾದಂಬರಿ ತುಂಬಿಸಿ, ಅಕ್ಷರ ದೊಡ್ಡದು ಮಾಡುವುದನ್ನು ಕಲಿಸಿಕೊಟ್ಟಳು.

ಕಲಿತನೇ? ಮೊದಲು ಅದಕ್ಕೆ ಕಂದು ಕಾಗದದ ರಟ್ಟು ಹಾಕಿದ. ಆಮೇಲೆ ಬೆರಳಿಗೆ ಎಂಜಲು ಹಚ್ಚಿ ಗಾಜನ್ನು ಸವರಿದ. ಗಾಜು ಒದ್ದೆಯಾದರೆ ಆ ಯಂತ್ರಕ್ಕೆ ದಿಕ್ಕು ತಪ್ಪುತ್ತದೆ. ಒಮ್ಮೆ ಹಾಳೆ ತಿರುಗದು, ಒಮ್ಮೆ ಮೂರು ಹಾಳೆ ಹಾರಿಹೋಗುವುದು. ಥೂ, ಗಲೀಜು ಎಂದು ನಾನು ಬೈಯುತ್ತಿದ್ದೆ. ಅವನು ಬಸ್ಸಿನ ಬಾಗಿಲು ಬಡಿದಂತೆ ಟ್ಯಾಬಿನ ಬೆನ್ನಿಗೆ ಎರಡೇಟು ಬಡಿದು ‘ರೈಟ್’ ಅನ್ನುತ್ತಿದ್ದ. ಚಾರ್ಜು ಮುಗಿದರೆ ಡೀಸೆಲ್ ಮುಗೀತು ಎಂದು ಒಳಗೆ ಕೂಗು.

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕಗಳ ಮೇಲೆ ಟ್ಯಾಬನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದ. ಪೂಜೆ ಕದಲಿಸುವ ತನಕ ಓದುವ ಹಾಗಿಲ್ಲವಲ್ಲ, ಅದರ ಎದುರೇ ಉಪವಾಸ ಕೂತವನಂತೆ ಕೂತ. ಯಾವುದೋ ಮೆಸೇಜು ಬಂದು ಅದು ತಾನಾಗಿಯೇ ಹೊತ್ತಿಕೊಂಡಿತು. ಇವನು ಕುತ್ತಿಗೆ ಉದ್ದ ಮಾಡಿದ್ದು ನನ್ನ ಕಣ್ಣಿಗೆ ಬಿತ್ತು.

“ನಾನೆಲ್ಲಿ ಮುಟ್ಟಿದೆ ಕಣೇ? ಅದು ತೋರಿಸ್ತು, ನಾನು ನೋಡ್ದೆ,” ಎಂದ.

ಅಕ್ಷರ ದೊಡ್ಡದಾಗುತ್ತಲೇ ಹೋಯಿತು. ಪರದೆಗೆ ನಾಲ್ಕು ಸಾಲು ಹಿಡಿಯುತ್ತಿದ್ದದ್ದು ಎರಡಾಯಿತು, ಕೊನೆಗೆ ಒಂದೇ ಪದ. ಒಂದು ಪದ, ರೈಟ್. ಇನ್ನೊಂದು ಪದ, ರೈಟ್. ಇದೇನು ಭಾವ, ಕಥೆಯೋ ಬಸ್ಸಿನ ಬೋರ್ಡೋ ಎಂದು ನನ್ನ ಗಂಡ ರೇಗಿಸಿದರು.

“ಎಲ್ಲಾ ಸ್ಟಾಪಲ್ಲೂ ನಿಲ್ಲೋ ಗಾಡಿ ಕಣಪ್ಪಾ. ತಲುಪುತ್ತೆ.”

ತಲುಪಲಿಲ್ಲ. ಒಂದು ಬೆಳಿಗ್ಗೆ ಆ ಒಂದು ಪದವೂ ಕಾಣಲಿಲ್ಲ. ಶಿವಮೊಗ್ಗದ ಡಾಕ್ಟರು ಕಣ್ಣು ನೋಡಿ, ನನ್ನನ್ನು ಆಚೆ ಕರೆದು, ಕಿಡ್ನಿಯೂ ಕೈಕೊಟ್ಟಿದೆ ಎಂದರು.

ಕೆಲವು ವಾರ ಕಳೆದ ಮೇಲೆ ಅಣ್ಣ ಟ್ಯಾಬನ್ನು ನನ್ನ ಮಡಿಲಲ್ಲಿಟ್ಟು ಓದು ಎಂದ. ಸಂತೆಯಲ್ಲಿ ಕೈತಪ್ಪಿದ ತಮ್ಮನನ್ನು ಹುಡುಕುತ್ತ ಒಬ್ಬ ಅಕ್ಕ ಊರೂರು ನಡೆಯುವ ಕಥೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಗ ಮನೆಯಲ್ಲಿ ಎಮ್ಮೆ ಕಾಯಲು ಒಬ್ಬರು ಬೇಕಿತ್ತು. ನಾನು ಶಾಲೆ ಬಿಟ್ಟೆ, ಅಣ್ಣ ಹತ್ತರವರೆಗೆ ಹೋದ. ಒತ್ತಕ್ಷರ ಬಂದರೆ ಇವತ್ತಿಗೂ ನನಗೆ ಹಳ್ಳಕ್ಕೆ ಚಕ್ರ ಇಳಿದಂತಾಗುತ್ತದೆ. ಬೀದಿಗೆ ತೆರೆದ ಕೋಣೆ, ಹೋಗಿಬರುವವರಿಗೆಲ್ಲ ನನ್ನ ತೊದಲು ಕೇಳುತ್ತದೆ. ನಾಚಿಕೆಯಾಗುತ್ತಿತ್ತು. ಅದಕ್ಕೇ ಸುಳ್ಳು ಹೇಳತೊಡಗಿದೆ. ಇವತ್ತು ಚಾರ್ಜಿಲ್ಲ, ಇವತ್ತು ಕರೆಂಟೇ ಇಲ್ಲ. ಕಣ್ಣಿಲ್ಲದವನಿಗೆ ಏನು ಗೊತ್ತಾಗುತ್ತದೆ? ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು! ಅವನು ಹೂಂ ಅಂದು ಮಲಗುತ್ತಿದ್ದ.

ಅವನ ಕಾಲು ಊದಿಕೊಂಡಿತ್ತು. ಒಂದು ಸಂಜೆ ಮತ್ತೆ ಕೇಳಿದ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತಿತ್ತು, ನನಗೆ ಬೇಸರ ಹತ್ತಿತ್ತು. ಅರ್ಧ ಪುಟ ಓದಿ, ಉಳಿದದ್ದನ್ನು ಬಾಯಿಗೆ ಬಂದಂತೆ ಹೇಳಿದೆ. ತಮ್ಮ ಸಿಕ್ಕಿದ, ಇಬ್ಬರೂ ಊರಿಗೆ ಬಂದರು, ಕಥೆ ಮುಗಿಯಿತು.

ಅಣ್ಣ ಕೈ ಚಾಚಿ ಟ್ಯಾಬಿನ ಬೆನ್ನು ತಡವಿದ.

“ಅರ್ಧ ದಾರೀಲೇ ಇಳಿದ್ಬಿಟ್ಟೆಯಲ್ಲೇ, ತಂಗಿ,” ಎಂದ.

ನಾನು ಕೇಳಿಸದವಳಂತೆ ಹಾಲು ಕರೆಯಲು ಹೋದೆ. ಅವನು ಮತ್ತೆ ಓದು ಅನ್ನಲಿಲ್ಲ. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟ.

ತಿಥಿಗೆ ಬಂದ ಮಗಳ ಹತ್ತಿರ ಎಲ್ಲ ಹೇಳಿಕೊಂಡು ಅತ್ತೆ. ಕುರುಡನಿಗೆ ಕಥೆಯನ್ನೂ ಕೊಡದೆ ಕಳಿಸಿದೆ ಎಂದೆ.

“ಆ ಕಥೆ ಮಾವಂಗೆ ಪೂರ್ತಿ ಗೊತ್ತಿತ್ತು ಕಣಮ್ಮ. ಕಣ್ಣು ಹೋದ ಹೊಸದ್ರಲ್ಲಿ ನೀನು ಕೊಟ್ಟಿಗೇಲಿರೋವಾಗ ನಾನೇ ಫೋನಲ್ಲಿ ಓದಿ ಮುಗಿಸಿದ್ದೆ.”

“ಮತ್ತೆ ನನ್ನ ಕೈಲಿ ಯಾಕೆ ಓದಿಸ್ದ?”

“ನಾನೂ ಮಾವನ್ನ ಕೇಳ್ದೆ. ‘ನಿಮ್ಮಮ್ಮನ್ನ ನಾಲ್ಕನೇ ಕ್ಲಾಸಲ್ಲಿ ಇಳಿಸಿ ಅವಳ ಸೀಟಲ್ಲಿ ನಾನು ಕೂತೆ. ಈಗ ನಿಧಾನಕ್ಕೆ ಹತ್ತಿಸ್ಕೊತಿದೀನಿ, ಅವಳಿಗೆ ಹೇಳ್ಬೇಡ’ ಅಂದ.”

ಈಗ ಹಾಲು ಡೈರಿಗೆ ಹಾಕಿ ಬಂದ ಮೇಲೆ ಅವನ ಕೋಣೆಯ ಬಾಗಿಲು ತೆರೆದಿಟ್ಟು ಗಟ್ಟಿಯಾಗಿ ಓದುತ್ತೇನೆ. ಬೀದಿಯವರು ಕೇಳಿಕೊಳ್ಳಲಿ. ಆ ಅಕ್ಕನಿಗೆ ತಮ್ಮ ಇನ್ನೂ ಸಿಕ್ಕಿಲ್ಲ. ಸಿಗುತ್ತಾನೋ ಇಲ್ಲವೋ ಎಂದು ಮಗಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ನಿನ್ನೆ ಒಂದು ಕಡೆ ಹಾಳೆ ಎಷ್ಟು ಸವರಿದರೂ ತಿರುಗಲಿಲ್ಲ. ಯಾಕೆಂದು ನೋಡಿದರೆ ನನ್ನ ಬೆರಳು ಒದ್ದೆ. ಯಾವಾಗ ನಾಲಿಗೆಗೆ ಮುಟ್ಟಿಸಿದೆನೋ ನನಗೇ ಗೊತ್ತಿಲ್ಲ. ಸೆರಗಿಗೆ ಒರೆಸಿಕೊಂಡು, ಕಂದು ರಟ್ಟಿನ ಬೆನ್ನಿಗೆ ಎರಡೇಟು ಬಡಿದು, ‘ರೈಟ್’ ಎಂದೆ.