ಹಿಂದಿನ ಸೀಟಿನ ಸದ್ದು

ಅತ್ತೆಯವರು ತೀರಿಕೊಂಡ ಮೇಲೂ ನನ್ನ ಕಾರಿನ ಹಿಂದಿನ ಸೀಟು ಖಾಲಿಯಾಗಲಿಲ್ಲ. ಬದುಕಿದ್ದಾಗ ಅಲ್ಲಿ ವಿರಾಜಮಾನರಾಗಿ "ಅಳಿಯಂದಿರೇ, ಬ್ರೇಕು!" ಎಂದು ಆಜ್ಞೆ ಹೊರಡಿಸುತ್ತಿದ್ದರು (ಬ್ರೇಕನ್ನು ನಾನು ಆಗಲೇ ಒತ್ತಿರುತ್ತಿದ್ದೆ). ಈಗ ಅದೇ ಸೀಟಿನ ಹಿಂದಿರುವ ಸ್ಪೀಕರಿನಿಂದ ಮಾತಾಡುತ್ತಾರೆ. ಅವರು ಫೋನಿಗೆ ಕಳಿಸಿದ್ದ ಧ್ವನಿ ಸಂದೇಶಗಳನ್ನೆಲ್ಲ ನನ್ನ ಹೆಂಡತಿ ಪೆನ್‌ಡ್ರೈವಿಗೆ ತುಂಬಿಸಿ ಕಾರಿನ ಪ್ಲೇಯರಿಗೆ ಚುಚ್ಚಿದ್ದಾಳೆ.

"ಮನೇಲೇ ಕೂತು ಕೇಳಬಾರದೇನೇ?" ಎಂದೆ.

"ಮನೇಲಿ ಕೇಳಿದ್ರೆ ಅಮ್ಮ ಹೋಗಿಬಿಟ್ಳು ಅನ್ಸುತ್ತೆ ರೀ. ಓಡೋ ಕಾರಲ್ಲಿ ಕೇಳಿದ್ರೆ ಹಿಂದೆ ಕೂತಿದಾಳೆ ಅನ್ಸುತ್ತೆ."

ಗೇರು ಹಾಕಿದೆ.

ಆದರೆ ಎಂಜಿನ್ ಓಡತೊಡಗಿದರೆ ಸಾಕು, ಸ್ಪೀಕರಿನಲ್ಲಿ ಕುಂಯ್ ಎಂದು ರಾಗ ಏಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಗಂಟಲೇರಿಸುತ್ತದೆ. ಅತ್ತೆಯವರ ಅರ್ಧ ಮಾತು ಅದರ ಹೊಟ್ಟೆಗೆ ಹೋಗುತ್ತದೆ.

"ಅಮ್ಮ ಮಾತಾಡಿದ್ರೆ ನಿಮ್ಮ ಕಾರಿಗೂ ಸಹಿಸೋಕಾಗಲ್ಲ!"

"ಪಾಪ, ಕಾರೇನು ಮಾಡ್ತು?"

"ಪ್ಲೇಯರ್ ಕೂಡಿಸಿದ್ದು ಯಾರು? ಅಂಗಡಿಯವನಿಗೆ ಕೊಡಿ ಅಂತ ಅಮ್ಮ ಬಡ್ಕೊಂಡ್ಳು. ಕೇಳಿದ್ರಾ?"

ಕೂಡಿಸಿದ ಮಹಾನುಭಾವ ನಾನೇ. ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು:

"ಆಸ್ಪತ್ರೆಯಿಂದ ಕಳಿಸಿದ್ದು ಕೊನೇದೊಂದು ಇದೆ. ಇನ್ನೂ ಕೇಳಿಲ್ಲ. ಈ ಸದ್ದು ನಿಂತ ಮೇಲೆ ಕೇಳ್ತೀನಿ. ಅದಾದ ಮೇಲೆ ಅಮ್ಮ ಹೊಸದಾಗಿ ಏನೂ ಹೇಳಲ್ಲ."

ಭಾನುವಾರ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ಸೊಂಟ ಕಟಕ್ ಎಂದಿತು. (ಆಸ್ಪತ್ರೆಯ ಲಿಫ್ಟ್ ಕೆಟ್ಟ ದಿನ ಅತ್ತೆಯವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದೆ, ಅಂದಿನಿಂದ ಸೊಂಟ ನನ್ನ ಮಾತು ಕೇಳುವುದಿಲ್ಲ. ಹತ್ತುವಾಗಲೂ ಅವರು "ಮೆಲ್ಲಗೆ! ಗೋಡೆ! ಗೋಡೆ!" ಎಂದು ಕಾರು ಹಿಂದಕ್ಕೆ ತೆಗೆಸುವಂತೆ ನಡೆಸಿದ್ದರು. ಮೇಲೆ ತಲುಪಿದಾಗ ಒಂದು ಒಳ್ಳೆಯ ಮಾತೂ ಬರಲಿಲ್ಲ.)

ಮೊದಲು ಫೋನಿನ ಚಾರ್ಜರ್ ಮೇಲೆ ಅನುಮಾನಪಟ್ಟು ಕಿತ್ತೆ. ಕುಂಯ್ ಹಾಗೇ ಇತ್ತು. ಬ್ಯಾಟರಿಯ ವೈರೂ ಸ್ಪೀಕರಿನ ವೈರೂ ಮ್ಯಾಟಿನಡಿ ನವದಂಪತಿಗಳ ಹಾಗೆ ಅಂಟಿಕೊಂಡು ಮಲಗಿದ್ದವು. ಎರಡನ್ನೂ ಬೇರೆ ಮಾಡಿ ಆ ಕಡೆಗೊಂದು ಈ ಕಡೆಗೊಂದು ಎಳೆದೆ. ಕುಂಯ್ ಸ್ವಲ್ಪ ಇಳಿಯಿತು, ಸಾಯಲಿಲ್ಲ. ಕೊನೆಗೆ ಪ್ಲೇಯರಿನ ಅರ್ತ್ ವೈರು ಕಾರಿನ ಮೈಗೆ ಸೇರುವ ಬುಡ ಹುಡುಕಿದೆ. ಯಾವನೋ ಅಡ್ಡಕಸುಬಿ ಅದನ್ನು ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಕೂರಿಸಿದ್ದ. ಬಣ್ಣದ ಕೆಳಗಿನ ತಗಡಿಗೆ ಅದು ಸರಿಯಾಗಿ ತಾಗಿಯೇ ಇರಲಿಲ್ಲ. (ಆ ಯಾವನೋ ಯಾರೆಂದು ಮನೆಯಲ್ಲಿ ಬಾಯಿಬಿಡಲಿಲ್ಲ.) ಬಣ್ಣ ಕೆರೆದು, ತಗಡು ಹೊಳೆಯುವ ಹಾಗೆ ಉಜ್ಜಿ, ಸ್ಕ್ರೂ ಬಿಗಿದೆ. ಎಂಜಿನ್ ಹಾಕಿದರೆ ಸದ್ದಿಲ್ಲ!

"ಬಾರೇ, ಕೂತ್ಕೋ!" ಎಂದು ದಿಗ್ವಿಜಯ ಮಾಡಿದ ರಾಜನ ಠೀವಿಯಲ್ಲಿ ಕರೆದೆ. ಅವಳು ತಲೆ ಬಾಚಿಕೊಂಡು ಬಂದಳು, ಯಾರನ್ನೋ ನೋಡಲು ಹೊರಟವರಂತೆ. ಊರಾಚೆಯ ರಸ್ತೆಗೆ ಬಂದ ಮೇಲೆ ಪ್ಲೇಯರಿನ ಗುಂಡಿ ಒತ್ತಿದಳು.

ಮೊದಲು ಉಸಿರು ಕೇಳಿಸಿತು, ಅಷ್ಟು ಹತ್ತಿರ. ನಾನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಯಾರೂ ಇರಲಿಲ್ಲ.

"ಮಗಾ, ಅಳಿಯಂದಿರ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ನನ್ನನ್ನ ಎತ್ಕೊಂಡು ಹತ್ತಿದಾಗ ಮುಖ ಕಿವುಚ್ತಿದ್ರು. ನೋವು ಅಂತ ಬಾಯಿಬಿಡೋ ಜಾತಿಯಲ್ಲ ಅವರು. ನಂಗೆ ಒಂದು ಒಳ್ಳೇ ಮಾತು ಹೇಳೋಕೆ ಬಾಯಿ ಬರ್ಲಿಲ್ಲ, ನೀನು ಹೇಳು. ಆಮೇಲೆ... ಇದನ್ನ ಮರೀಬೇಡ..."

ಇಷ್ಟು ಹೊತ್ತಿಗೆ ನನಗೆ ರಸ್ತೆ ಕಾಣಿಸುತ್ತಿರಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತೆ. ನನ್ನೊಳಗೆ ಅಷ್ಟು ಅಳು ಇತ್ತೆಂದು ನನಗೇ ಗೊತ್ತಿರಲಿಲ್ಲ. ಹೆಂಡತಿ ಒದ್ದೆ ಕಣ್ಣಿನಲ್ಲೇ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಇನ್ನೊಂದು ಕೈಯಿಂದ ಗುಂಡಿ ಒತ್ತಿ ಮತ್ತೆ ಮೊದಲಿನಿಂದ ಹಾಕಿದಳು.

"ರೀ, ಒಂಚೂರು ಸುಮ್ನಿರ್ತೀರಾ? ಅಮ್ಮನ ಮಾತು ಕೇಳಿಸ್ತಿಲ್ಲ."